ಬಂಜೆ ಶಬ್ದದ ಪುಲ್ಲಿಂಗ

ಈ ಸಲದ ಪುಸ್ತಕಕ್ಕೆ ಗೋವಾದ ಬಗ್ಗೆ ಏನಾರ ಬರದು ಕಳಸ್ರಿ ಎಂದು ವಾಚನಾಲಯದ ಹುಡುಗರು ಫೋನ್ ಮಾಡಿದ್ದರು. ಆಗಲಿ ಅಂದೆ. 1986ರಲ್ಲಿ ಹಾವೇರಿ ಕಡೆಯಿಂದ ಸಾಂಗೆಗೆ ಬಂದು ಅದಿರಿನ ಲಾರಿಗಳ ಕೆಳಗೆ ಅಂಗಾತ ಮಲಗಿ ಸ್ಪ್ಯಾನರ್ ತಿರುವಿದವನು ನಾನು. ಗಣಿಯ ಧೂಳಿನ ಬಗ್ಗೆ, ಸಾಳಾವಲಿ ಅಣೆಕಟ್ಟಿನ ಬಗ್ಗೆ ಬರೆಯಲು ಬೇಕಾದಷ್ಟಿದೆ. ಎರಡು ಪುಟ ಬರೆದೂ ಇದ್ದೆ. ಅವನ್ನು ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ. ಹುಡುಗರಿಗೆ ಬೇಕೆನಿಸಿದರೆ ಹಾಕಲಿ, ಬೇಡವೆನಿಸಿದರೆ ಹರಿದು ಒಗೆಯಲಿ.

ಹೋದ ದೀಪಾವಳಿಗೆ ಊರಿಗೆ ಬಂದಾಗ ಅಕ್ಕನ ಮೊಮ್ಮಗಳು ಪಡಸಾಲೆಯಲ್ಲಿ ಕುಳಿತು ಕನ್ನಡ ಅಭ್ಯಾಸ ಬರೆಯುತ್ತಿದ್ದಳು. ಲಿಂಗ ಬದಲಿಸಿ ಬರೆಯಿರಿ. ಅರಸ, ಅರಸಿ. ಕವಿ, ಕವಯಿತ್ರಿ. ಹೋರಿ, ಆಕಳು. ಕೋಣ, ಎಮ್ಮೆ. ವಿಧವೆ ಎಂದಿತ್ತು, ಎದುರಿಗೆ ವಿಧುರ ಎಂದು ಸರಿಯಾಗಿ ಬರೆದಿದ್ದಳು. ಶಾಣ್ಯಾ ಹುಡುಗಿ. ಹೆಂಡತಿ ಸತ್ತವನಿಗೂ ನಮ್ಮ ಭಾಷೆಯಲ್ಲಿ ಒಂದು ಹೆಸರಿದೆ ಎಂದು ನೋಡಿ, ನನ್ನ ತಲೆಯಲ್ಲಿ ಬಹಳ ವರ್ಷದಿಂದ ಕೂತ ಇನ್ನೊಂದು ಶಬ್ದ ಎದ್ದು ಬಂತು. ಬಂಜೆ. ಇದರ ಪುಲ್ಲಿಂಗ ಯಾವುದು?

ಇಲ್ಲ. ಸಂಸ್ಕೃತದ ವಂಧ್ಯಾ ಎಂಬುದು ನಮ್ಮ ಬಾಯಲ್ಲಿ ಬಂಜೆ ಆಯಿತು, ಮರಾಠಿಯಲ್ಲಿ ವಾಂಝ ಆಯಿತು, ಹಿಂದಿಯಲ್ಲಿ ಬಾಂಝ್ ಆಯಿತು. ಸಂಸ್ಕೃತದಲ್ಲಿ ವಂಧ್ಯ ಎಂಬ ಗಂಡು ರೂಪವೂ ಇತ್ತು. ಆದರೆ ನಮ್ಮ ಓಣಿಗೆ ಬರುವಾಗ ಅದು ದಾರಿಯಲ್ಲೇ ಉಳಿಯಿತು, ಹೆಣ್ಣು ರೂಪ ಮಾತ್ರ ಬಂದು ಹಟ್ಟಿ ಸೇರಿತು. ಈಗಿನ ಪೇಪರಿನವರು, ಡಾಕ್ಟರರು 'ಪುರುಷ ಬಂಜೆತನ' ಎಂದು ಬರೆಯುತ್ತಾರೆ. ಓದಿದಾಗ ನಗು ಬರುತ್ತದೆ. ಗಂಡಸಿನ ಕೊರತೆ ಹೇಳಬೇಕೆಂದರೂ ಹೆಂಗಸಿನ ಸೀರೆಯನ್ನೇ ಕಡ ತರಬೇಕಾಯಿತು.

ಗಂಡಸಿಗೆ ಬೈಗುಳ ಇಲ್ಲವೆಂದಲ್ಲ. ಷಂಡ ಅಂತೀವಿ, ನಪುಂಸಕ ಅಂತೀವಿ, ಅಂವ ಗಂಡಸಲ್ಲೋ ಅಂತೀವಿ. (ಹೀಗೆ ಅನ್ನುವಾಗ ಬೇರೆಯದೇ ರೀತಿಯಲ್ಲಿ ಹುಟ್ಟಿ ಮರ್ಯಾದೆಯಿಂದ ಬದುಕುವ ಕೆಲವರ ಬಾಳನ್ನೇ ಬೈಗುಳ ಮಾಡಿಕೊಳ್ಳುತ್ತೇವೆ, ಅದು ಬೇರೆ ಪಾಪ.) ಆದರೆ ಆ ಮಾತುಗಳು ಹೇಳುವುದು ಕೂಡಲಾರದವನ ಬಗ್ಗೆ. ಎಲ್ಲ ಸರಿಯಾಗಿದ್ದು, ಗಡ್ಡ ಮೀಸೆ ದಂಡಿಯಾಗಿದ್ದು, ಸಂಸಾರ ಮಾಡಿಕೊಂಡಿದ್ದು, ಬೀಜದಲ್ಲಿ ಮಾತ್ರ ಜೀವ ಇಲ್ಲದವನಿಗೆ ಒಂದೂ ಶಬ್ದ ಇಲ್ಲ. ಇವೆರಡೂ ಬೇರೆ ಬೇರೆ ಎಂದು 1955ರ ಹಿಂದೂ ವಿವಾಹ ಕಾಯ್ದೆಗೂ ಗೊತ್ತು. ಗಂಡ ಅಥವಾ ಹೆಂಡತಿ ಕೂಡಲು ಅಸಮರ್ಥರಿದ್ದರೆ 12ನೇ ಕಲಮಿನಂತೆ ಆ ಮದುವೆಯನ್ನು ರದ್ದು ಮಾಡಿಸಬಹುದು, ಮಕ್ಕಳಾಗಲಿಲ್ಲ ಎಂಬುದಕ್ಕೆ ಬರುವುದಿಲ್ಲ. ಕಾಯ್ದೆ ಬಿಡಿಸಿಟ್ಟದ್ದನ್ನು ನಾವು ಒಂದೇ ಗಂಟಿನಲ್ಲಿ ಕಟ್ಟಿದ್ದೇವೆ. ಆ ಗಂಟು ಬಿಚ್ಚಲು ಗಂಡಸರಿಗೆ ಅಂಜಿಕೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆಪರೇಶನ್ ಮಾಡಿಸಿಕೊಂಡ ಹೆಂಗಸರು ನೂರಕ್ಕೆ 37.9, ಗಂಡಸರು 0.3. ಗಂಡಸಿನ ಆಪರೇಶನ್ ಸಣ್ಣದು, ಅದೇ ದಿನ ಮನೆಗೆ ಬರಬಹುದು. ಆದರೂ ಯಾರೂ ಹೋಗುವುದಿಲ್ಲ. 'ಕಸು ಹೊಕ್ಕೇತಿ' ಎಂಬ ಒಂದು ಮಾತು ಸಾಕು.

ಒಕ್ಕಲುತನದವರಾದ ನಮಗೆ ಇದರಲ್ಲಿ ಇಷ್ಟು ಕುರುಡು ಯಾಕೆ ಎಂಬುದೇ ನನಗೆ ಅಚ್ಚರಿ. ಹೊಲದಲ್ಲಿ ನಾಟಿಗೆ ಬರದಿದ್ದರೆ ಅಪ್ಪ ಮೊದಲು ಬೈಯುತ್ತಿದ್ದದ್ದು ಬೀಜದ ಅಂಗಡಿಯವನನ್ನು, ಹೊಲವನ್ನಲ್ಲ. 'ಬೀಜ ಜೊಳ್ಳ ಇತ್ತು' ಅನ್ನುತ್ತಿದ್ದ. ಹಾನಗಲ್ ಕಡೆ ಭತ್ತದ ಬೀಜವನ್ನು ಉಪ್ಪು ನೀರಿಗೆ ಹಾಕಿ, ತೇಲಿದ್ದನ್ನು ತೆಗೆದು, ಮುಳುಗಿದ್ದನ್ನು ಬಿತ್ತುತ್ತಾರೆ. ಆಕಳು ಎರಡು ಮೂರು ಸಲ ಬೆದೆಗೆ ಬಂದೂ ಗಬ್ಬ ನಿಲ್ಲದಿದ್ದರೆ, ಹೋರಿ ಬದಲಿಸಿ ನೋಡೋ ಎಂದು ಹೇಳುವವರು ನಮ್ಮ ಹಿರಿಯರಲ್ಲಿ ಇದ್ದರು. ಇಂಡಿಯಾದಲ್ಲಿ ಮೊದಲ ಸಲ ದನಕ್ಕೆ ಕೃತಕ ಗರ್ಭಧಾರಣೆ ಮಾಡಿದ್ದು ನಮ್ಮ ನಾಡಿನಲ್ಲೇ. 1939ರಲ್ಲಿ ಮೈಸೂರಿನ ಅರಮನೆ ಡೈರಿಯಲ್ಲಿ ಸಂಪತ್ ಕುಮಾರನ್ ಅನ್ನುವವರು ಮಾಡಿದರು. ಈಗ ಹೋರಿಯ ವೀರ್ಯವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಹುಳು ಓಡಾಡುತ್ತವೆಯೋ ಇಲ್ಲವೋ ನೋಡಿಯೇ ಕಡ್ಡಿಗೆ ತುಂಬುತ್ತಾರೆ. ಹೋರಿಗೆ ಮಾಡಿದ ಈ ಪರೀಕ್ಷೆಯನ್ನು ಅದನ್ನು ಸಾಕಿದವನಿಗೆ ಮಾಡೋಣ ಎಂದರೆ ಜಗಳ ಬೀಳುತ್ತದೆ.

ಸಾಂಗೆಯಲ್ಲಿ ನಾನು ಚಹಾ ಕುಡಿಯುವ ಅಂಗಡಿಗೆ ನಿವೃತ್ತ ದನದ ಡಾಕ್ಟರೊಬ್ಬರು ಬರುತ್ತಿದ್ದರು. ಅವರು ಒಮ್ಮೆ ಒಂದು ಹಳೆಯ ಇಂಗ್ಲಿಷ್ ಗುಣವಾಚಕ ಹೇಳಿದರು. ಬೀಜ ಒಡೆಯದ ಕುದುರೆಯನ್ನು ಇಂಗ್ಲಿಷರು 'ಎಂಟೈರ್' ಅನ್ನುತ್ತಿದ್ದರಂತೆ. ಎಂಟೈರ್ ಅಂದರೆ ಇಡಿಯಾದದ್ದು, ಪೂರಾ ಇರುವಂಥದ್ದು. ಹಾಗಾದರೆ ಒಡೆದದ್ದು ಅರ್ಧ. ನನಗೆ ಆ ಶಬ್ದ ಕೇಳಿ ಹೊಟ್ಟೆಯಲ್ಲಿ ಕಲಸಿದಂತಾಯಿತು. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ. ನಮ್ಮಲ್ಲೂ ಅದೇ ಇದೆ. ವೀರ ಎಂಬುದರಿಂದಲೇ ವೀರ್ಯ ಬಂದದ್ದು. ಲ್ಯಾಟಿನ್ನಿನ ವಿರ್, ಅದರಿಂದ ಬಂದ ಇಂಗ್ಲಿಷಿನ ವಿರೈಲ್, ಎಲ್ಲ ಆ ವೀರನ ದಾಯಾದಿಗಳೇ. ಕುರುಕ್ಷೇತ್ರಕ್ಕೂ ಹಿಂದಿನ ಆ ಮನೆತನದಲ್ಲಿ ಮಗನಿಗೆ ವಿಚಿತ್ರವೀರ್ಯ ಎಂದು ಹೆಸರಿಟ್ಟರು, ಅವನೇ ಮಕ್ಕಳಿಲ್ಲದೆ ಕ್ಷಯದಿಂದ ಸತ್ತ. ಆದರೂ ಒಂದು ಮಾತು ಹೇಳಬೇಕು. ಹೋರಿ ಬೆದರಿಸುವ ಹಬ್ಬದಲ್ಲಿ ನಾವು ಹೋರಿಗೆ ಕೊಬ್ಬರಿ ಕಟ್ಟಿ ಕುಣಿದರೂ, ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಹಚ್ಚಿ ಮೆರೆಸುವುದು ಎತ್ತನ್ನು. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನಲ್ಲಿ ಮಾಡಿ ಪೂಜಿಸುವುದೂ ಎತ್ತನ್ನೇ. ಬೀಜ ಒಡೆದದ್ದು ಎಂದು ಯಾವ ರೈತನೂ ತನ್ನ ಎತ್ತನ್ನು ಹಳಿದದ್ದು ನಾನು ಕೇಳಿಲ್ಲ.

2012ರ ಸೆಪ್ಟೆಂಬರಿನಲ್ಲಿ ಗೋವಾದ ಗಣಿಗಳು ನಿಂತವು. ಲಾರಿಗಳು ಅಂಗಳದಲ್ಲಿ ತುಕ್ಕು ಹಿಡಿದವು, ನನ್ನ ಕೈಗೆ ಕೆಲಸ ಇಲ್ಲದಾಯಿತು. ಆಗ ಊರಿಗೆ ಬಂದಾಗಲೆಲ್ಲ ಈ ವಾಚನಾಲಯದಲ್ಲಿ ಕುಳಿತು ಓದಿದೆ. ಹಳೆಯವರು ಈ ಬಗ್ಗೆ ಏನು ಹೇಳಿದ್ದಾರೆ ಎಂದು ಹುಡುಕುವ ಹುಚ್ಚು ಹಿಡಿದಿತ್ತು. ಮನುಸ್ಮೃತಿಯಲ್ಲಿ ಹೆಂಗಸು ಹೊಲ, ಗಂಡಸು ಬೀಜ ಎಂಬ ದೊಡ್ಡ ಚರ್ಚೆ ಇದೆ. ಬೆಳೆ ಯಾರದು, ಹೊಲದ ಒಡೆಯನದೋ ಬಿತ್ತಿದವನದೋ ಎಂದು. ಬಂಜೆಯಾದ ಹೆಂಡತಿ ಇರುವಾಗ ಎಂಟನೇ ವರ್ಷಕ್ಕೆ ಇನ್ನೊಬ್ಬಳನ್ನು ತರಬಹುದು ಎಂದೂ ಅದೇ ಪುಸ್ತಕ ಹೇಳುತ್ತದೆ. ಎಂಟು ವರ್ಷ ಆಕೆಯ ಲೆಕ್ಕ. ಬಿತ್ತಿದವನಿಗೆ ವಾಯಿದೆ ಇಲ್ಲ.

ಎಲ್ಲರೂ ಹಾಗೇ ಅಂದರು ಅನ್ನುವಂತಿಲ್ಲ. ಯಾಜ್ಞವಲ್ಕ್ಯಸ್ಮೃತಿಯಲ್ಲಿ ವರ ಹೇಗಿರಬೇಕು ಎಂಬಲ್ಲಿ ಒಂದು ವಿಶೇಷಣ ಇದೆ. ಪುಂಸ್ತ್ವದ ವಿಷಯದಲ್ಲಿ ಯತ್ನಪೂರ್ವಕ ಪರೀಕ್ಷೆ ಮಾಡಲ್ಪಟ್ಟವನು ಆಗಿರಬೇಕಂತೆ. ಆ ಸ್ಮೃತಿಗೆ ಮಿತಾಕ್ಷರ ಎಂಬ ಟೀಕೆ ಬರೆದ ವಿಜ್ಞಾನೇಶ್ವರ ನಮ್ಮವನೇ, ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಇದ್ದವನು. ಪರೀಕ್ಷೆ ಹೇಗೆ ಎಂಬುದು ನಾರದನ ಸ್ಮೃತಿಯಲ್ಲಿದೆ: ಬೀಜ ನೀರಿನಲ್ಲಿ ಹೇಗಿರುತ್ತದೆ, ಮೂತ್ರಕ್ಕೆ ನೊರೆ ಬರುತ್ತದೆಯೇ ಎಂದು ನೋಡುವುದು. ಹಾನಗಲ್ಲಿನ ಭತ್ತದ ಲೆಕ್ಕವೇ. ಪರೀಕ್ಷೆ ಸುಳ್ಳು, ಆದರೆ ಸಂಶಯ ಸರಿಯಾದ ಕಡೆ ಬಿದ್ದಿತ್ತು. ಒಂಬೈನೂರು ವರ್ಷದ ಹಿಂದೆ ಕಲ್ಯಾಣದಲ್ಲಿ ಕುಳಿತ ಪಂಡಿತನಿಗೆ ಗಂಡನ್ನೂ ಪರೀಕ್ಷಿಸಬೇಕು ಎಂಬ ಮಾತು ವಿಪರೀತ ಅನಿಸಲಿಲ್ಲ. ನಮ್ಮ ಅವ್ವನಿಗೆ ಅನಿಸಿತು. ನನಗೂ ಅನಿಸಿತು.

ಗೋವಾದ ಮಾತೂ ಕೇಳಿ. ಸಾಂಗೆಯ ಕಚೇರಿ ಎದುರು ಅರ್ಜಿ ಬರೆದುಕೊಡುವ ಮುದುಕರೊಬ್ಬರು ಹೇಳಿದ್ದನ್ನು ಆಮೇಲೆ ಓದಿ ಖಾತ್ರಿ ಮಾಡಿಕೊಂಡೆ. ಪೋರ್ಚುಗೀಸರು 1880ರಲ್ಲಿ ಗೋವಾದ ಹಿಂದೂಗಳ ರೂಢಿಗಳ ಬಗ್ಗೆ ಒಂದು ಕಾಯ್ದೆ ಮಾಡಿದ್ದರು. ಹೆಂಡತಿಗೆ 25 ವರ್ಷವಾದರೂ ಮಕ್ಕಳೇ ಆಗದಿದ್ದರೆ, ಅಥವಾ 30 ವರ್ಷವಾದರೂ ಗಂಡು ಮಗು ಆಗದಿದ್ದರೆ, ಗಂಡ ಇನ್ನೊಂದು ಮದುವೆ ಮಾಡಿಕೊಂಡರೆ ನಡೆಯುತ್ತಿತ್ತು. ಇಲ್ಲೂ ವಯಸ್ಸು ಹೆಂಗಸಿನದೇ. ಲೆವೆನ್‌ಹುಕ್ ಎಂಬ ಡಚ್ಚ 1677ರಲ್ಲೇ ಗಂಡಸಿನ ಬೀಜದಲ್ಲಿ ಬಾಲದ ಹುಳು ನೋಡಿದ್ದ. 1827ರಲ್ಲಿ ಫಾನ್ ಬೇರ್ ಎಂಬವನು ಸಸ್ತನಿಯ ಅಂಡವನ್ನೂ ನೋಡಿದ್ದ. ಅಂದಮೇಲೆ ಹೆಂಗಸು ಬರೀ ಹೊಲವಲ್ಲ, ಆಕೆಯದೂ ಅರ್ಧ ಬೀಜ ಎಂದು ಗೊತ್ತಾಗಿ ಅರ್ಧ ಶತಮಾನ ಕಳೆದ ಮೇಲೆ ಬಂದ ಕಾಯ್ದೆ ಇದು. ಯೂರೋಪಿನವರು ಕಣ್ಣಿನಿಂದ ಕಂಡದ್ದು ಅವರ ಕಾಯ್ದೆಗೇ ಮುಟ್ಟಲಿಲ್ಲ. ಇನ್ನು ನಮ್ಮ ಓಣಿಗೆ ಮುಟ್ಟಲಿಲ್ಲ ಎಂದು ಯಾರನ್ನು ದೂರುವುದು?

ಇಷ್ಟು ಹೊತ್ತು ಪುಸ್ತಕದ ಮಾತು ಆಡಿದೆ. ಅಂಜಿಕೆಯಾದಾಗ ನನಗೆ ಪುಸ್ತಕ ನೆನಪಾಗುತ್ತದೆ.

ನಮ್ಮ ಮದುವೆ 1989ರಲ್ಲಿ. ಎರಡು ವರ್ಷ ಯಾರೂ ಏನೂ ಕೇಳಲಿಲ್ಲ. ಆಮೇಲೆ ಊರಿಗೆ ಬಂದಾಗಲೆಲ್ಲ ಅವ್ವ ನನ್ನ ಹೆಂಡತಿಯ ಹೊಟ್ಟೆಯನ್ನೇ ನೋಡುತ್ತಿದ್ದಳು. ಅರಳಿಮರ ಸುತ್ತಿದ್ದಾಯಿತು, ನಾಗರಕಲ್ಲು ನಿಲ್ಲಿಸಿದ್ದಾಯಿತು, ಸೋಮವಾರ ಹಿಡಿದದ್ದಾಯಿತು. ಎಲ್ಲ ಆಕೆಯೇ. ನಾನು ಕಲ್ಲು ಹೊತ್ತ ಎತ್ತಿನ ಗಾಡಿಯ ಹಿಂದೆ ನಡೆದೆ, ಅಷ್ಟೇ. ಐದು ವರ್ಷ ಬೇರೆ ಬೇರೆ ದವಾಖಾನೆ ಸುತ್ತಿದೆವು. ಗರ್ಭಚೀಲ ಕೆರೆದು ನೋಡಿದರು. ಬಣ್ಣದ ಔಷಧ ಹಾಕಿ ನಳಿಕೆಯ ಎಕ್ಸರೇ ತೆಗೆದರು; ಆ ದಿನ ಆಕೆ ಬಸ್ಸಿನಲ್ಲಿ ಸೀಟಿನ ಸರಳು ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು ಬಂದದ್ದು ನೆನಪಿದೆ. ಹೊಟ್ಟೆಗೆ ತೂತು ಮಾಡಿ ದುರ್ಬೀನು ಹಾಕಿ ನೋಡಿದರು. ಪ್ರತಿ ಸಲವೂ ಎಲ್ಲ ಸರಿಯಾಗಿದೆ ಅನ್ನುತ್ತಿದ್ದರು. ಎಲ್ಲ ಸರಿ ಇದ್ದರೆ ಮತ್ತೆ ಏನು ಎಂದು ನನಗೆ ಹೊಳೆಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಳೆದಿತ್ತು. ರಸ್ತೆ ಪಕ್ಕದ ಡೇರೆಯಲ್ಲಿ ಕುಳಿತ ಒಬ್ಬನ ಹತ್ತಿರ ಗುಟ್ಟಾಗಿ ಹೋಗಿ ಎರಡು ತಿಂಗಳ ಪಗಾರ ಕೊಟ್ಟು ಲೇಹ್ಯ ತಂದು, ಟೂಲ್ ಬಾಕ್ಸಿನಲ್ಲಿ ಗ್ರೀಸ್ ಡಬ್ಬಿಯ ಪಕ್ಕ ಇಟ್ಟುಕೊಂಡು ತಿಂದವನು ನಾನು. ಸಂಶಯ ಇಲ್ಲದವನು ಲೇಹ್ಯ ಯಾಕೆ ತಿನ್ನುತ್ತಾನೆ?

ಕಡೆಗೆ 1996ರ ಮಳೆಗಾಲದಲ್ಲಿ ಮಡಗಾಂವದ ವಯಸ್ಸಾದ ಲೇಡಿ ಡಾಕ್ಟರೊಬ್ಬರು ಆಕೆಯ ಫೈಲು ತಿರುವಿ ನೋಡಿ, ನನ್ನ ಕಡೆ ತಿರುಗಿ, 'ನಿಮ್ಮದೆಲ್ಲಿ?' ಎಂದರು. ನನ್ನದು ಒಂದೂ ಇರಲಿಲ್ಲ. ಐದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಅದು. ಸೂಜಿ ಇಲ್ಲ, ನೋವಿಲ್ಲ, ಒಂದು ಡಬ್ಬಿ ಅಷ್ಟೇ. ಎರಡು ಸಲ ಮಾಡಿದರು. ಎರಡೂ ಸಲ ಕಾಗದದಲ್ಲಿ 'ನಿಲ್' ಎಂದು ಬಂತು. ಒಂದು ಮಿಲಿಲೀಟರಿನಲ್ಲಿ ಕೋಟಿಗಟ್ಟಲೆ ಇರಬೇಕಾದಲ್ಲಿ ಒಂದೂ ಇಲ್ಲ. ನೂರು ಗಂಡಸರಲ್ಲಿ ಸುಮಾರು ಒಬ್ಬರಿಗೆ ಹೀಗಿರುತ್ತದೆ, ಇದಕ್ಕೂ ಗಂಡಸುತನಕ್ಕೂ ಸಂಬಂಧ ಇಲ್ಲ ಎಂದು ಆ ತಾಯಿ ಸಮಾಧಾನದಿಂದ ಹೇಳಿದರು. ಇಂಜಿನ್ನಿನ ಕಾವಿನಲ್ಲಿ ಬಹಳ ಹೊತ್ತು ಇರುತ್ತೀರಾ, ಚಿಕ್ಕಂದಿನಲ್ಲಿ ಗದ್ದಬಾವು ಬಂದಿತ್ತಾ ಎಂದು ಕೇಳಿ ಬರೆದುಕೊಂಡರು. ನನಗೆ ಅದ್ಯಾವುದೂ ಸರಿಯಾಗಿ ಕೇಳಿಸಲಿಲ್ಲ. ಹಳ್ಳಿಯಲ್ಲಿ ಬರ್ಡಿಜೋ ಇಕ್ಕಳ ಹಿಡಿದು ಹೋರಿಗಳನ್ನು ಎತ್ತು ಮಾಡುತ್ತಿದ್ದ ಕಂಪೌಂಡರ ಕಣ್ಣ ಮುಂದೆ ಬಂದ.

ಹೆಂಡತಿಗೆ ಅದೇ ರಾತ್ರಿ ಹೇಳಿದೆ. ಇಷ್ಟರ ಮಟ್ಟಿಗೆ ನಾನು ನೆಟ್ಟಗಿದ್ದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೀಗಂದಳು: 'ಊರಾಗ ಹೇಳಬ್ಯಾಡ್ರಿ. ನನಗ ಅನ್ನಿಸ್ಕೊಳ್ಳೋದು ರೂಢಿ ಆಗೇತಿ. ನಿಮಗ ಅಂದ್ರ ನೀವು ತಡಕೊಳ್ಳಂಗಿಲ್ಲ.'

ನನ್ನ ಪ್ರಶ್ನೆ ಇರುವುದು ಇಲ್ಲಿ. ಇದನ್ನು ಒಪ್ಪಿಕೊಳ್ಳಬಹುದಿತ್ತೇ? ನಾನು ಒಪ್ಪಿದೆ. ಒಪ್ಪುವಾಗ ಹಾಯೆನಿಸಿತು.

ಆ ವರ್ಷ ದೀಪಾವಳಿಗೆ ತಮ್ಮನ ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇತ್ತು. ಓಣಿಯ ಹೆಂಗಸರೆಲ್ಲ ಸೇರಿದ್ದರು. ಕೂಸನ್ನು ತೊಟ್ಟಿಲ ಮೇಲೆ ಕೆಳಗೆ ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಆಗ ನನ್ನ ಹೆಂಡತಿ ಕೈ ಚಾಚಿದ್ದಳು. ಅವ್ವ 'ಆಕಿ ಕೈಯಾಗ ಬ್ಯಾಡ' ಅಂದಳು. ಜೋರಾಗಿ ಅನ್ನಲಿಲ್ಲ, ಉಪ್ಪು ಕಡಿಮೆ ಹಾಕು ಅನ್ನುವಂತೆ ಅಂದಳು. ಕೂಸು ಆಕೆಯನ್ನು ದಾಟಿ ಮುಂದಿನ ಕೈಗೆ ಹೋಯಿತು. ನಾನು ಬಾಗಿಲಲ್ಲಿ ಎಲೆಅಡಿಕೆ ಹಾಕಿಕೊಂಡು ನಿಂತಿದ್ದೆ. ಬಾಯಿ ತುಂಬಿತ್ತು. ಉಗುಳಿ ಬಂದು ಎರಡು ಮಾತು ಹೇಳಬಹುದಿತ್ತು.

ಅವ್ವ ಕೆಟ್ಟವಳಲ್ಲ. ಆಕೆಗೆ ಗೊತ್ತಿದ್ದ ಶಬ್ದ ಒಂದೇ, ಅದನ್ನು ಯಾರ ಮೇಲೆ ಇಡಬೇಕೆಂದು ಆ ಶಬ್ದವೇ ಹೇಳಿಕೊಟ್ಟಿತ್ತು. ಗೊತ್ತಿದ್ದವನು ನಾನು. ಮುಂದಿನ ವರ್ಷ ಆಕೆ ಇನ್ನೊಂದು ಮದುವೆ ಮಾಡಿಕೋ ಎಂದು ಹಟ ಹಿಡಿದಳು, ಹುಡುಗಿಯನ್ನೂ ನೋಡಿದ್ದಳು. ನಾನು ಒಲ್ಲೆ ಅಂದೆ. ಇನ್ನೊಬ್ಬಳ ಬಾಳಿಗೂ ಅದೇ ಹೆಸರು ಹಚ್ಚಬಾರದು ಎಂಬುದು ನಿಜವಾದ ಕಾರಣ. ಆದರೆ ಊರು ಬೇರೆ ಕಾರಣ ಹುಡುಕಿಕೊಟ್ಟಿತು. ಬಂಜೆ ಹೆಂಡತಿಯನ್ನು ಬಿಡಲಿಲ್ಲ, ದೇವರಂಥಾ ಮನಷ್ಯಾ! ಕಟ್ಟೆಯ ಮೇಲೆ ಕುಳಿತ ಹಿರಿಯರು ತಮ್ಮ ಹುಡುಗರಿಗೆ ನನ್ನನ್ನು ತೋರಿಸಿದರು. 2009ರಲ್ಲಿ ಒಂದು ಸಾಮೂಹಿಕ ವಿವಾಹದಲ್ಲಿ ನಮ್ಮಿಬ್ಬರನ್ನು ವೇದಿಕೆಗೆ ಕರೆದು ಆದರ್ಶ ದಂಪತಿ ಎಂದು ಶಾಲು ಹೊದಿಸಿದರು. ಭಾಷಣ ಮಾಡಿದವರು ನನ್ನ ತ್ಯಾಗದ ಬಗ್ಗೆ ಹೇಳಿದರು. ಆಕೆ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ನಾನು ಶಾಲು ಹೊದ್ದುಕೊಂಡೆ.

ಸುಮ್ಮನಿರುವುದು ಸುಳ್ಳೇ ಎಂದು ಯಾರಾದರೂ ನನ್ನನ್ನು ಕೇಳಿದರೆ, ಮೊದಲಾಗಿದ್ದರೆ ಅಲ್ಲ ಅನ್ನುತ್ತಿದ್ದೆ. ಆಕೆ ಬಂಜೆ ಎಂದು ನಾನು ಎಂದೂ ಬಾಯಿಬಿಟ್ಟು ಹೇಳಿಲ್ಲ. ನನ್ನ ದೇಹದ ಮಾತು ನನ್ನದು, ಊರಿಗೆಲ್ಲ ಡಂಗುರ ಹೊಡೆಯುವ ಸಾಲ ನನ್ನ ಮೇಲಿಲ್ಲ. ಇದು ಸರಿಯೇ, ಮಕ್ಕಳಿಲ್ಲದ ಯಾವ ದಂಪತಿಯೂ ಯಾರಿಗೂ ಕಾರಣ ಕೊಡಬೇಕಾಗಿಲ್ಲ ಎಂದು ಈಗಲೂ ಹೇಳುತ್ತೇನೆ. ಆದರೆ ಆ ಮಾತಿನ ಭಾರ ನನ್ನ ಮೇಲೆ ಇರುವವರೆಗೆ ಮಾತ್ರ ಅದು ನನ್ನ ಸ್ವಂತದ್ದು. ನನ್ನ ಮೂಟೆಯನ್ನು ಇನ್ನೊಬ್ಬರು ಹೊತ್ತು ನಡೆಯುವಾಗ, ಅದರಲ್ಲಿ ಏನಿದೆ ಎಂದು ಹೇಳುವುದು ಬಿಡುವುದು ನನ್ನ ಇಷ್ಟ ಅನ್ನುವುದು ಹೇಗೆ? ಇನ್ನು ಶಾಲಿನ ವಿಷಯಕ್ಕೆ ಬಂದರೆ ಮೌನ ಎಂಬ ಮರ್ಯಾದೆಯ ಹೆಸರೂ ಉಳಿಯುವುದಿಲ್ಲ. ಆಕೆಗೆ ಬಿದ್ದ ಕೆಟ್ಟ ಹೆಸರಿನಿಂದ ನಾನು ಒಳ್ಳೆ ಹೆಸರು ಗಳಿಸಿದೆ. ಬೇರೆಯವರ ಹೊಲದ ನೀರು ತಿರುಗಿಸಿಕೊಂಡವನನ್ನು ನಾವು ಏನಂತ ಕರೀತೀವಿ?

ಆಕೆಯೇ ಒಪ್ಪಿದ್ದಳಲ್ಲ ಎಂಬ ಒಂದು ಸಮಾಧಾನ ಇತ್ತು. ಅದನ್ನು ಬಹಳ ವರ್ಷ ಊರುಗೋಲು ಮಾಡಿಕೊಂಡಿದ್ದೆ. ಭೈರಪ್ಪನವರ 'ವಂಶವೃಕ್ಷ' 1965ರಲ್ಲಿ ಬಂದ ಪುಸ್ತಕ, ನಮ್ಮ ವಾಚನಾಲಯದಲ್ಲಿ ರಟ್ಟು ಕಿತ್ತುಹೋಗುವಷ್ಟು ಓದಿಸಿಕೊಂಡಿದೆ. ವಂಶದ ಶುದ್ಧಿಯನ್ನೇ ನಂಬಿ ಬಾಳಿದ ಶ್ರೀನಿವಾಸ ಶ್ರೋತ್ರಿಗಳಿಗೆ, ತಾವೇ ಆ ವಂಶದ ರಕ್ತದವರಲ್ಲ ಎಂದು ಮುಪ್ಪಿನಲ್ಲಿ ತಿಳಿಯುತ್ತದೆ. ಓದಿದವರೆಲ್ಲ ಶ್ರೋತ್ರಿಗಳ ಬಗ್ಗೆ ಮಾತಾಡುತ್ತಾರೆ. ನನಗೆ ಕಾಡಿದ್ದು ಅವರ ತಾಯಿ. ಆಕೆಯನ್ನು ಯಾರು ಕೇಳಿದರು? ಮಹಾಭಾರತದ ಪಾಂಡು, ಶಾಪವೇ ಇರಲಿ, ತನ್ನಿಂದ ಆಗದು ಎಂದು ಕುಂತಿಯ ಎದುರು ಸ್ವಂತ ಬಾಯಿಂದ ಹೇಳಿದ. ಕುಂತಿಯನ್ನು ಬಂಜೆ ಎಂದು ಯಾರೂ ಅನ್ನಲಿಲ್ಲ. ನಾನೂ ನನ್ನವಳಿಗೆ ಹೇಳಿದೆ, ನಿಜ. ಆದರೆ ಐದು ವರ್ಷ ಅನ್ನಿಸಿಕೊಂಡು ಅನ್ನಿಸಿಕೊಂಡು ರೂಢಿಯಾದವಳು, 'ನಾನೇ ಅನ್ನಿಸಿಕೊಳ್ಳುತ್ತೇನೆ' ಅಂದರೆ ಅದು ಒಪ್ಪಿಗೆಯೇ? ಹೆಗಲ ಮೇಲೆ ನೊಗದ ಗಾಯ ಒಣಗಿ ಗಡುಸಾಗಿದೆ ಎಂದು ಅದೇ ಎತ್ತನ್ನು ಮತ್ತೆ ಹೂಡುತ್ತೇವೆ. ಎತ್ತು ತಾನಾಗಿ ಹೆಗಲು ಕೊಡುತ್ತದೆ ಕೂಡ.

ಇದನ್ನು ಒಂದು ಮೇ ತಿಂಗಳು ಆಕೆಯ ಹತ್ತಿರ ಎತ್ತಿದೆ. ಸಾಂಗೆ ತಾಲೂಕಿನ ಕುರ್ಡಿ ಊರು ಸಾಳಾವಲಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಗೋಡೆ, ಬಾವಿ, ಸೋಮೇಶ್ವರನ ಗುಡಿ ಕಾಣುತ್ತವೆ, ಆ ಊರಿನವರು ಮಕ್ಕಳು ಮರಿ ಕಟ್ಟಿಕೊಂಡು ಬಂದು ತಮ್ಮ ಮನೆಯ ಜಾಗ ತೋರಿಸುತ್ತಾರೆ. ಗಾಯಕಿ ಮೊಗೂಬಾಯಿ ಕುರ್ಡೀಕರರ ಊರು ಅದು. ನಾವೂ ವರ್ಷಾ ಹೋಗುತ್ತೇವೆ. ಒಡೆದ ಮೆಟ್ಟಿಲ ಮೇಲೆ ಕುಳಿತು, ಇಷ್ಟು ವರ್ಷ ನಾನು ನಿನಗೆ ಮಾಡಿದ್ದು ತಪ್ಪು, ಊರಲ್ಲಿ ಹೇಳಿಬಿಡುತ್ತೇನೆ ಅಂದೆ.

ಆಕೆ ಬುತ್ತಿ ಬಿಚ್ಚುತ್ತ ಅಂದಳು: 'ಈಗ ಹೇಳಿದ್ರ ಯಾರಿಗೆ ಹೇಳ್ತೀರಿ? ಅಂದ ಅತ್ತಿ ಸತ್ತು ಹೋದ್ರು. ತೊಟ್ಟಿಲ ಸುತ್ತ ನಿಂತಿದ್ದ ಹೆಂಗಸರು ಅರ್ಧಕ್ಕರ್ಧ ಇಲ್ಲ. ನಿಮ್ಮ ಎದಿ ಹಗುರ ಮಾಡ್ಕೊಳ್ಳಾಕ ಹೇಳ್ತೀರಿ. ಹೇಳಿದ ಮ್ಯಾಲ ಮಂದಿ, ಈಕಿ ಎಷ್ಟ ದೊಡ್ಡಾಕಿ ಅಂತ ನನ್ನ ತಲೀಮ್ಯಾಲೆ ಇನ್ನೊಂದು ಹೊರಸ್ತಾರ. ನನಗ ಅದೂ ಬ್ಯಾಡ.'

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ತಪ್ಪೊಪ್ಪಿಗೆಯಲ್ಲಿ ಒಪ್ಪಿಕೊಳ್ಳುವವನ ಲಾಭ ಎಷ್ಟು, ನೊಂದವರ ಲಾಭ ಎಷ್ಟು ಎಂದು ಬೇರೆ ಮಾಡಿ ತೂಗುವ ತಕ್ಕಡಿ ಎಲ್ಲಿದೆ? ಆಕೆ ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ. ಅದಕ್ಕೇ ಮತ್ತೆ ಕೆಲವು ವರ್ಷ ಸುಮ್ಮನಿದ್ದೆ. ಈ ಸಲದ ಸುಮ್ಮನಿರುವಿಕೆ ಮೊದಲಿನದರಷ್ಟು ಹೇಡಿತನದ್ದಲ್ಲ ಎಂದುಕೊಂಡಿದ್ದೆ, ಅದೂ ಖಾತ್ರಿ ಇಲ್ಲ.

ಉಳಿದ ಕಾಲು ಪಾಲಿಗಾಗಿ ಈಗ ಬರೆಯುತ್ತಿದ್ದೇನೆ. ಹೋದ ದೀಪಾವಳಿಗೆ ಬಂದಾಗ ಮುಂಜಾನೆ ಅರಳಿಕಟ್ಟೆ ಸುತ್ತುವ ಒಬ್ಬ ಹುಡುಗಿಯನ್ನು ನೋಡಿದೆ. ಯಾರ ಮನೆಯವಳು ಎಂದು ಹೇಳುವುದಿಲ್ಲ. ಅಂಥ ಮನೆ ನಮ್ಮೂರಲ್ಲಿ ಒಂದೇ ಇಲ್ಲ. ಒದ್ದೆ ಸೀರೆಯಲ್ಲಿ, ಚಳಿಯಲ್ಲಿ, ಬಾಯಲ್ಲಿ ಲೆಕ್ಕ ಹಾಕುತ್ತ ಸುತ್ತುತ್ತಿದ್ದಳು. ಗಂಡ ಕಟ್ಟೆಯಿಂದ ಆಚೆ ಗಾಡಿಯ ಮೇಲೆ ಕುಳಿತು ಮೊಬೈಲು ನೋಡುತ್ತಿದ್ದ. ಒಳ್ಳೆಯ ಹುಡುಗ, ಹೋರಿ ಹಬ್ಬದಲ್ಲಿ ಮುಂದೆ ಇರುವವನು. ಅವನ ಹೋರಿಗೆ ಏನೇನು ತಿನ್ನಿಸುತ್ತಾನೆ, ಯಾವ ಡಾಕ್ಟರಿಗೆ ತೋರಿಸುತ್ತಾನೆ ಎಂದು ಸಂಜೆ ಅರ್ಧ ತಾಸು ಹೇಳಿದ. ನೀನು ಒಮ್ಮೆ ತೋರಿಸಿಕೊಂಡೆಯಾ ಎಂದು ಕೇಳಬ��ಕೆಂದು ನಾಲಿಗೆಯ ತುದಿಗೆ ಬಂತು. ಕೇಳಿದರೆ, ನಿಮಗೆ ಯಾಕ್ರೀ ಮಾವಾ ಅನ್ನುತ್ತಿದ್ದ. ನನಗೆ ಯಾಕೆ ಎಂಬುದಕ್ಕೆ ಉತ್ತರವಾಗಿ ಈ ಹಾಳೆಗಳಿವೆ. ಮೂವತ್ತು ವರ್ಷ ಮೊದಲು ಈ ಕಟ್ಟೆಯ ಮೇಲೆ ಯಾರಾದರೂ ಒಬ್ಬ ಮುದುಕ, ನನ್ನ ಕಾಗದದಲ್ಲಿ ನಿಲ್ ಇತ್ತಪ್ಪಾ, ನಾನೇನೂ ಸತ್ತಿಲ್ಲ, ಗಂಡಸುತನವೂ ಹೋಗಿಲ್ಲ ಅಂದಿದ್ದರೆ, ನಾನು ಮೊದಲ ವರ್ಷವೇ ಡಬ್ಬಿ ಹಿಡಿದು ಹೋಗುತ್ತಿದ್ದೆನೋ ಏನೋ. ಆಕೆಯ ಹೊಟ್ಟೆಯ ಮೇಲಿನ ಆ ಗೀರು ಇರುತ್ತಿರಲಿಲ್ಲ.

ಬರೆದು ಮುಗಿಸಿ ಆಕೆಗೆ ಓದಿ ತೋರಿಸಿದೆ. ಬೇಡ ಅಂದರೆ ಕಳಿಸುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಕನ್ನಡಕ ಹಾಕಿಕೊಂಡು ತಾನೂ ಒಮ್ಮೆ ಓದಿದಳು. ನಾಗರಕಲ್ಲಿನ ಗಾಡಿಗೆ ಹೂಡಿದ್ದು ನಮ್ಮ ಎತ್ತಲ್ಲ, ತನ್ನ ಅಪ್ಪನ ಎತ್ತು, ಅದನ್ನು ಬರೆಯಿರಿ ಅಂದಳು. ಬರೆದಿದ್ದೇನೆ, ಇಲ್ಲೇ. ಕೊನೆಗೆ ಆಕೆ ನನ್ನನ್ನು ಕ್ಷಮಿಸಿದ್ದಾಳೆ ಎಂಬ ಒಂದು ಸಾಲು ಇತ್ತು. ಅದರ ಮೇಲೆ ಬೆರಳಿಟ್ಟು, 'ಇದನ್ನ ನಾ ಯಾವಾಗ ಅಂದೇನ್ರಿ?' ಎಂದು ಕೇಳಿದಳು. ಆ ಸಾಲು ಹೊಡೆದು ಹಾಕಿ ಲಕೋಟೆಗೆ ಹಾಕಿದೆ.